ಎಮ್ಮೆಕುಳಿಯ ಒಂದು ದಿನದ ಕೂಲಿ

“ಬೋಳಿಮಗನೆ, ಇವತ್ತೊಂದು ದಿನ ನೀನು ನನ್ನ ಕೂಲಿ ಆಳು. ಗೇಣಿ ಗೀಣಿ ಅಂತ ಸಾಹೇಬರ ಎದುರು ಅಂದ್ಯೋ, ನಾಲಗೆ ಕಿತ್ತು ಕೈಗೆ ಕೊಡ್ತೀನಿ. ತಿಳೀತಾ?”

ಒಡೆಯರು ಮುಕುಂದಯ್ಯನವರು ಗದ್ದೆಯ ಅಂಚಿನ ಮೇಲೆ ನಿಂತು ಹೀಗೆ ಅಪ್ಪಣೆ ಕೊಡಿಸುವಾಗ ದುಗ್ಗಪ್ಪ ಸಸಿಯ ಕಟ್ಟು ಹಿಡಿದು ಮೊಣಕಾಲುದ್ದ ಕೆಸರಿನಲ್ಲಿದ್ದ.

“ತಿಳೀತು ಒಡೇರೇ” ಎಂದ.

ಅವನ ಹೆಂಡತಿ ಮೂಕಮ್ಮ ಬಗ್ಗಿದಲ್ಲಿಂದಲೇ, “ಕೂಲಿ ಎಷ್ಟು ಕೊಡ್ತಾರಂತೆ ಕೇಳಿ” ಎಂದಳು.

“ಎಲ್ಲರಿಗೂ ಸೇರಿಸಿ ಹೇಳಿದ್ದು” ಎಂದರು ಒಡೆಯರು. “ನಾನು ಹೇಳದೆ ಒಂದು ಹುಳವೂ ಬಾಯಿ ಬಿಡಬಾರದು.”

ಎಲ್ಲರೂ ಎಂದರೆ ನಾವು ಎಂಟು ಜನ. ನಾನು ಗಿರಿಯಪ್ಪ, ಪಕ್ಕದ ಗದ್ದೆಯ ಗೇಣಿಯವನು. ನಮ್ಮಲ್ಲಿ ನಾಟಿಗೆ ಕೂಲಿಯಿಲ್ಲ. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು, ಮುಯ್ಯಾಳು ಎನ್ನುತ್ತೇವೆ.

ಅದು ಅರವತ್ತೆರಡನೇ ಇಸವಿಯ ಮಳೆಗಾಲ. ಬೇಸಾಯ ಉದ್ಧಾರವಾಗಬೇಕಾದರೆ ಬೇಸಾಯ ಮಾಡುವವನು ಯಾರೆಂದು ಮೊದಲು ತಿಳಿಯಬೇಕು ಎಂಬ ಜ್ಞಾನೋದಯ ಬೆಂಗಳೂರಿನಲ್ಲಿ ಯಾರಿಗೋ ಆಗಿತ್ತು. ನಮ್ಮನ್ನು ಕೇಳಿದ್ದರೆ ಒಂದು ಎಲೆಯಡಿಕೆ ಹಾಕುವಷ್ಟರಲ್ಲಿ ಹೇಳಿಬಿಡುತ್ತಿದ್ದೆವು. ಅವರು ಅದಕ್ಕೊಂದು ಕಮಿಟಿ ಮಾಡಿ, ಕಮಿಟಿಗೊಂದು ಜೀಪು ಕೊಟ್ಟರು. ಪಹಣಿ ಪುಸ್ತಕದಲ್ಲಿ ಉಳುವವನೆಂದು ದುಗ್ಗಪ್ಪನ ಹೆಸರು ಬಿದ್ದರೆ ಅವನನ್ನು ಗದ್ದೆಯಿಂದ ಎಬ್ಬಿಸುವುದು ಸುಲಭವಲ್ಲ. ಒಡೆಯರ ‘ಸ್ವಂತ ಸಾಗುವಳಿ’ ಎಂದು ಬಿದ್ದರೆ ಮುಂದಿನ ಮಳೆಗಾಲಕ್ಕೆ ಅವನಿಗೆ ಗದ್ದೆಯಿಲ್ಲ. ಮೂರು ತಲೆಮಾರು ಉತ್ತರೂ ಅವನ ಬಳಿ ಒಂದು ಗೇಣಿ ಚೀಟಿ ಇರಲಿಲ್ಲ. ಕೇಳಿದರೆ, ನನ್ನ ಮೇಲೆ ನಂಬಿಕೆ ಇಲ್ಲವೇನೋ ಎಂದು ಒಡೆಯರೇ ನೊಂದುಕೊಳ್ಳುತ್ತಿದ್ದರು.

ಆನಂದಪುರದ ಕಡೆಯಿಂದ ಜೀಪು ಬಂತು. ಕನ್ನಡಕದ ಸಾಹೇಬರು ಇಳಿದರು. ಹಿಂದೆ ಶಾನುಭೋಗ ಸೀತಾರಾಮಪ್ಪನವರು. ಕಂಕುಳಲ್ಲಿ ಪುಸ್ತಕ, ಕಿವಿಯ ಮೇಲೆ ಪೆನ್ಸಿಲು.

“ಇದು ನಲವತ್ತೇಳನೇ ನಂಬರು, ನನ್ನ ಸ್ವಂತ ಬೇಸಾಯ. ಇವರೆಲ್ಲ ಕೂಲಿಯವರು” ಎಂದರು ಮುಕುಂದಯ್ಯ. “ಜಪಾನ್ ಪದ್ಧತೀಲಿ ಸಾಲು ನಾಟಿ ಮಾಡಿಸ್ತಾ ಇದ್ದೀನಿ ಸಾರ್.”

ಪೆನ್ಸಿಲು ಕಿವಿಯಿಂದ ಇಳಿಯಿತು.

“ಸಾಲು ಅಲ್ಲಿ ಸೊಟ್ಟ ಆಗಿದೆಯಲ್ಲ?” ಸಾಹೇಬರು ಕೇಳಿದರು.

ನಿಜ. ಗದ್ದೆಯ ನಡುವೆ ನಮ್ಮ ಸಾಲು ಬಾಗಿ, ಒಂದು ಗಾಡಿ ನಿಲ್ಲುವಷ್ಟು ಜಾಗ ಬಿಟ್ಟು ಮುಂದೆ ಹೋಗಿತ್ತು. ನಲವತ್ತೇಳು ಎಂಬುದು ಕಾಗದದ ಮಾತು. ನಮಗೆ ಆ ಗದ್ದೆ ಎಮ್ಮೆಕುಳಿ. ದುಗ್ಗಪ್ಪನ ಅಜ್ಜನ ಕಾಲದಲ್ಲಿ ಎಮ್ಮೆಯೊಂದು ಆ ಬಿಟ್ಟ ಜಾಗದಲ್ಲೇ ಹೂತು, ಎತ್ತಲು ಇಡೀ ಊರು ಬೇಕಾಗಿತ್ತಂತೆ. ಮೇಲಿನಿಂದ ನೋಡಿದರೆ ಎಲ್ಲ ಒಂದೇ ಕೆಸರು.

“ಈ ಕತ್ತೆಗಳಿಗೆ ಎಷ್ಟು ಹೇಳಿದರೂ ಅಷ್ಟೇ ಸಾರ್. ನಾನೇ ತೋರಿಸ್ತೀನಿ.”

ಒಡೆಯರು ಚಪ್ಪಲಿ ಬಿಟ್ಟು, ಪಂಚೆ ಎತ್ತಿಕಟ್ಟಿ, ದುಗ್ಗಪ್ಪನ ಕೈಯಿಂದ ಸಸಿ ಕಸಿದುಕೊಂಡು ನೆಟ್ಟಗೆ ಅತ್ತಲೇ ಹೊರಟರು. ದುಗ್ಗಪ್ಪ ಬಾಯಿ ತೆರೆದ. ಕೆಸರಿನೊಳಗೆ ಮೂಕಮ್ಮ ಅವನ ಕಾಲು ತುಳಿದಳು. ಹೇಳದೆ ಬಾಯಿ ಬಿಡಬಾರದೆಂದು ಅಪ್ಪಣೆಯಾಗಿತ್ತು. ಒಡೆಯರ ಮಾತನ್ನು ಅಷ್ಟು ಶ್ರದ್ಧೆಯಿಂದ ನಾವು ಎಂದೂ ಪಾಲಿಸಿರಲಿಲ್ಲ.

ನಾಲ್ಕನೇ ಹೆಜ್ಜೆಗೆ ತೊಡೆ ಮುಳುಗಿತು. ಐದಕ್ಕೆ ಸೊಂಟ.

“ಅಯ್ಯೋ ದುಗ್ಗಾ, ಹಲಗೆ ತಾರೋ!”

ಗದ್ದೆ ಮಟ್ಟ ಮಾಡುವ ಹಲಗೆ ಅಂಚಿನ ಮೇಲೇ ಇತ್ತು. ದುಗ್ಗಪ್ಪ ಒಂದು ತುದಿ ಎತ್ತಿದ. ಇನ್ನೊಂದು ತುದಿಯ ಮೇಲೆ ಮೂಕಮ್ಮ ಕಾಲಿಟ್ಟು ನಿಂತಳು. ಆ ಕೆಸರು ಸೊಂಟಕ್ಕಿಂತ ಮೇಲೆ ಬರುವುದಿಲ್ಲವೆಂದು ನಮಗೆ ಗೊತ್ತಿತ್ತು. ಒಡೆಯರಿಗೆ ಗೊತ್ತಿರಲಿಲ್ಲ.

“ಏನು ನೋಡ್ತಾ ನಿಂತಿದ್ದೀರಿ, ಎಳೀರಪ್ಪ” ಎಂದರು ಸಾಹೇಬರು.

“ನಾವು ಕೂಲಿಯೋರು ಸಾಹೇಬ್ರೆ, ಇವತ್ತೇ ಬಂದಿದ್ದು” ಎಂದಳು ಮೂಕಮ್ಮ. “ಎಲ್ಲಿ ಕಾಲಿಡ್ಬೇಕು ಅಂತ ಬೇಸಾಯ ಮಾಡೋರನ್ನೇ ಕೇಳಿ.”

ಸಾಹೇಬರು ಬಾಗಿದ ಸಾಲನ್ನು ನೋಡಿದರು, ಸೊಂಟದವರೆಗಿನ ಒಡೆಯರನ್ನು ನೋಡಿದರು, ಕೊನೆಗೆ ದುಗ್ಗಪ್ಪನತ್ತ ತಿರುಗಿದರು. “ಅಲ್ಲಿ ಹೂತುಹೋಗುತ್ತೆ ಅಂತ ನಿನಗೆ ಗೊತ್ತಿತ್ತಾ? ಈ ಗದ್ದೆ ಉಳೋದು ಯಾರು?”

ದುಗ್ಗಪ್ಪ ವಿನಯದಿಂದ ಕೆಸರಿನ ಕಡೆ ನೋಡಿದ. “ಹೇಳ್ಲಾ ಒಡೇರೇ?”

“ಹೇಳೋ, ಹಾಳಾದವನೆ! ನೀನೇ ಉಳೋದು ಅಂತ ಹೇಳಿ ಸಾಯಿ, ಮೊದ್ಲು ನನ್ನ ಎಳಿ.”

“ಬರ್ಕೊಳ್ಳಿ” ಎಂದರು ಸಾಹೇಬರು.

ಶಾನುಭೋಗರು ಪೆನ್ಸಿಲಿನ ತುದಿಯನ್ನು ನಾಲಗೆಗೆ ತಾಗಿಸಿದರು.

“ಪೆನ್ಸಿಲ್ ಬ್ಯಾಡ” ಎಂದಳು ಮೂಕಮ್ಮ. “ಅದ್ರಲ್ಲಿ ಬರೆದಿದ್ದು ಒಡೇರ ಜಗಲಿ ದಾಟಲ್ಲ.”

ಸಾಹೇಬರು ಜೇಬಿನಿಂದ ತಮ್ಮ ಪೆನ್ನು ತೆಗೆದುಕೊಟ್ಟರು. ಶಾನುಭೋಗರು ಬರೆದರು. ಅವಳು ಸಾಹೇಬರಿಂದಲೇ ಎರಡು ಸಲ ಓದಿಸಿದಳು, ಶಾಯಿ ಆರುವ ತನಕ ಪುಸ್ತಕ ಮುಚ್ಚಲು ಬಿಡಲಿಲ್ಲ. ಆಮೇಲೆ ಹಲಗೆಯ ಮೇಲಿನ ಕಾಲು ತೆಗೆದಳು.

ಎಂಟೂ ಜನ ಸೇರಿ ಎಳೆದೆವು. ನಮ್ಮ ಗೇಣಿಯ ಅನ್ನ ಉಂಡ ಮೈ, ಹಗುರವೇನಲ್ಲ. ಸಾಹೇಬರ ಜೀಪು ತಿರುವು ದಾಟುವವರೆಗೆ ಒಡೆಯರು ಕಾಲುವೆಯಲ್ಲಿ ಕಾಲು ತೊಳೆಯುತ್ತಲೇ ಇದ್ದರು.

“ನಾಳೆ ಮನೆ ಹತ್ರ ಬಾ ದುಗ್ಗ, ಮಾತಾಡೋದಿದೆ.”

ಪುಸ್ತಕ ಶಾನುಭೋಗರ ಕಂಕುಳಲ್ಲಿತ್ತು, ಶಾನುಭೋಗರು ಒಡೆಯರ ಹಿಂದೆಯೇ ಹೊರಟಿದ್ದರು.

ಹತ್ತು ಮಾರು ಹೋಗಿರಬಹುದು. ಮೂಕಮ್ಮ ಸೊಂಟಕ್ಕೆ ಕೈಯಿಟ್ಟು ನಿಂತು ಕೂಗಿದಳು.

“ಒಡೇರೇ, ಇವತ್ತಿನ ಕೂಲಿ?”

ಮುಕುಂದಯ್ಯನವರು ತಿರುಗಿ ನಿಂತರು.

“ನೆಟ್ಟಿದ್ದು ಬಿಡಿ, ಅದು ನಮ್ಮ ಗದ್ದೆ. ನಿಮ್ಮನ್ನ ಎತ್ತಿದ್ದಕ್ಕೆ ಕೊಡಿ. ಎಂಟು ಆಳು.”