ಸಿಸ್ಟರು ಕಲಿಸಿದ್ದು

ಇವತ್ತು ಹೇಳಿದರೆ ಅದು ಯಾರಿಗೆ ಹೇಳಿದಂತಾದೀತು? ಕೇಳಬೇಕಾದವರು ಕಣ್ಣು ಮುಚ್ಚಿ ಕುಳಿತಿದ್ದಾರೆ. ಉಳಿದವರ ಮುಂದೆ ಹೇಳಿದರೆ ಮಣ್ಣಿನ ದಿನವೇ ಅವರ ಬಾಯಿಗೆ ಎಲೆ ಅಡಿಕೆ ಕೊಟ್ಟಂತಾಗುವುದಿಲ್ಲವೇ? ಹೇಳದೆ ಹೋದರೆ? ಎರಡು ವರ್ಷ ನುಂಗಿದ್ದನ್ನು ಇನ್ನೆಷ್ಟು ವರ್ಷ? ಮಾಳಿಂಗಪ್ಪ, ಸಿಂದಗಿ ಊರಿನ ಸಿಸ್ಟರ ಮನೆಯ ಮುಂದೆ ಚಪ್ಪಲಿ ಬಿಡುತ್ತ, ಬಿಟ್ಟ ಒಂದನ್ನು ಮತ್ತೆ ಮೆಟ್ಟಿದ.

"ಒಳಗ ಬರ್ರಿ ಅಣ್ಣಾರ, ಬಾಗಲದಾಗ ಯಾಕ ನಿಂತೀರಿ?" ಎಂದಳು ಹಿಂದಿನಿಂದ ಬಂದ ಪೀರಬಿ. ಆಲಮಟ್ಟಿಯವಳು. ಅವಳ ಮಗನಿಗೂ ಮಾಳಿಂಗಪ್ಪನ ಮಗಳು ಕಾವೇರಿಗಿದ್ದ ಮೂತ್ರಪಿಂಡದ ಜಡ್ಡೇ. ಆಸ್ಪತ್ರೆಯಲ್ಲಿ ಒಂದೆರಡು ಸಲ ಮುಖ ನೋಡಿದ್ದಷ್ಟೇ. ಮಾಳಿಂಗಪ್ಪನ ಮನೆಯ ಕತೆ ಅವಳಿಗೆ ಗೊತ್ತಿರಲಿಲ್ಲ.

ಪಡಸಾಲೆಯಲ್ಲಿ ವಿಜಯಲಕ್ಷ್ಮಿ ಸಿಸ್ಟರನ್ನು ಗೋಡೆಗೆ ಒರಗಿಸಿ ಕೂಡ್ರಿಸಿದ್ದರು. ಹಣೆತುಂಬ ವಿಭೂತಿ. ನಿನ್ನೆ ಸಂಜೆ ಆಸ್ಪತ್ರೆಯಿಂದ ಬಂದು ಚಹಾಕ್ಕಿಟ್ಟವರು ಒಲೆಯ ಮುಂದೆಯೇ ಕುಸಿದು ತೀರಿಕೊಂಡರಂತೆ. ಐವತ್ತೆಂಟು ವರ್ಷ.

"ಮದವಿ ಊಟಕ್ಕ ಕುಂತ್ರೂ ಬಾಜೂದವರ ಉಗುರ ನೋಡಾಕಿ," ಎನ್ನುತ್ತಿದ್ದಳು ಅವರ ಮುದುಕಿ ಅತ್ತೆ ಹೊನ್ನವ್ವ. "ನನಗ ಎಂಬತ್ತಾತು. ರೊಟ್ಟಿ ಬಡ್ಯಾಕ ಕುಂತ್ರ, ಅತ್ತಿ ಕೈ ತೋರಸು ಅಂತಿದ್ಲು. ಅತ್ತಿ ಯಾರೋ, ಸೊಸಿ ಯಾರೋ!"

"ಈಗೂ ಕಣ್ಣ ತಗದ್ರ ಮೊದಲ ನನ್ನ ಉಗುರ ನೋಡ್ತಾಳ ನೋಡಬೇ," ಎಂದಳು ಓಣಿಯ ಹೆಂಗಸೊಬ್ಬಳು. ನಾಲ್ಕು ಜನ ನಕ್ಕರು. ನಕ್ಕವರೇ ಸೆರಗು ಬಾಯಿಗಿಟ್ಟುಕೊಂಡರು.

ಪೀರಬಿ ನಗಲಿಲ್ಲ. "ನನ್ನ ಮಗಗ ನಾಕ ವರ್ಷದಿಂದ, ಇವರು ಕಲಿಸಿದಂಗ, ಮನ್ಯಾಗ ನಾನ ಹೊಟ್ಟಿ ನಳಿಕಿಗಿ ನೀರ ಹಾಕತೇನಿ. ಒಮ್ಮಿನೂ ಜ್ವರ ಬಂದಿಲ್ಲ. ಯಾವ ಮನ್ಯಾಗ ಹೊಲಸ ಆತೋ ಏನೋ, ತಂದ ಇವರ ತಲಿಗಿ ಕಟ್ಟಿದ್ರು."

ಮಾಳಿಂಗಪ್ಪ ಕಂಬದ ಕಡೆ ಸರಿದ. ಅಲ್ಲಿ ಸಿಸ್ಟರ ಗಂಡ, ರಿಟೈರಾದ ಮಾಸ್ತರ ಶ್ರೀಶೈಲ ಕುಳಿತಿದ್ದರು.

"ಹದಿನೆಂಟ ಮನಿಗಿ ಕಲಿಸಿದಾಕಿನ್ನ ಒಂದ ಕಾಗದದಾಗ ಮುಗಿಸಿದ್ರು," ಎಂದರು, ಯಾರ ಮುಖವನ್ನೂ ನೋಡದೆ. "ಆಸ್ಪತ್ರ್ಯಾಗ ಮೂವತ್ತ ವರ್ಷ ಕೂಡಿ ಊಟದ ಡಬ್ಬಿ ಬಿಚ್ಚಿದವರು ಆಕಿ ಪರವಾಗಿ ಒಂದ ಮಾತ ಆಡಲಿಲ್ಲ. ಇವತ್ತೂ ಬಂದಿಲ್ಲ. ನೀವ ಬಂದ್ರಿ ನೋಡ್ರಿ, ಮಗಳ ಸಂಬಂಧ ಹೊಟ್ಟಿ ಸುಟ್ಟಕೊಂಡವರು."

*

ಮೂರು ವರ್ಷದ ಹಿಂದೆ, ಒಂಬತ್ತರ ಕಾವೇರಿಯ ಎರಡೂ ಮೂತ್ರಪಿಂಡ ಕೆಟ್ಟಾಗ ಡಾಕ್ಟರು ಅವಳ ಹೊಟ್ಟೆಗೊಂದು ಸಣ್ಣ ನಳಿಕೆ ಕೂಡಿಸಿದ್ದರು. ದಿನಕ್ಕೆ ನಾಲ್ಕು ಸಲ ಅದರಿಂದ ಚೀಲದ ನೀರನ್ನು ಹೊಟ್ಟೆಗೆ ಬಿಡಬೇಕು. ರಕ್ತದ ಕೊಳೆ ಅದಕ್ಕಿಳಿದ ಮೇಲೆ ಹೊರಗೆ ತೆಗೆಯಬೇಕು. ಮನೆಯಲ್ಲಿ, ಮನೆಯವರೇ. ಅದನ್ನು ಕಲಿಸುವವರು ವಿಜಯಲಕ್ಷ್ಮಿ ಸಿಸ್ಟರು. ಹಳೆಯ ಇಳಕಲ್ ಸೀರೆಯಿಂದ ಹೊಲಿದ ಗೊಂಬೆಯ ಹೊಟ್ಟೆಗೆ ನಳಿಕೆ ಸಿಕ್ಕಿಸಿ ಆರು ದಿನ ಅವನಿಂದ ಮಾಡಿಸಿದರು. ಬಾಗಿಲು ಹಾಕು, ಫ್ಯಾನು ಆರಿಸು, ಮೂಗು ಬಾಯಿ ಕಟ್ಟಿಕೋ, ಮೊಣಕೈತನಕ ತೊಳೆ. ತೊಳೆದ ಕೈಯನ್ನು ಬೇರೆ ಯಾವುದಕ್ಕೂ ತಾಗಿಸದೆ ಚೀಲ ಜೋಡಿಸು.

ಆರನೆಯ ದಿನ ಆ ಕುರಿ ಕಾಯ್ದ ಕೈ ಒಂದೂ ತಪ್ಪಿಲ್ಲದೆ ಮಾಡಿತು. ಆಗ ಸಿಸ್ಟರಿಗೆ ಅವನ ನಡುವಿಗೆ ಕಟ್ಟಿದ್ದ ಭಂಡಾರದ ಚೀಲ ಕಂಡಿತು. ಕುಲದೇವರು ಮಾಳಿಂಗರಾಯನ ಅರಿಷಿಣದ ಪುಡಿ; ಅದಿಲ್ಲದೆ ಅವನು ಹೊಸ್ತಿಲು ದಾಟಿದವನಲ್ಲ.

"ಇದನ್ನ ಆ ಖೋಲಿಗಿ ತರಬ್ಯಾಡ್ರಿ."

"ದೇವರದೈತ್ರಿ ಸಿಸ್ಟರ."

"ನಾನೂ ಕೊರಳಾಗ ದೇವರ ಕಟಗೊಂಡಾಕಿನ," ಎಂದು ತಮ್ಮ ಲಿಂಗದ ಕರಡಿಗೆ ತೋರಿಸಿದರು. "ಕೆಲಸ ಮಾಡೂವಾಗ ಇದನ್ನೂ ಅರಿವಿ ಒಳಗ ಸೇರಸ್ತೇನಿ. ಅರ್ಧಾ ತಾಸ ದೇವರನ್ನ ಹೊರಗ ಕುಂಡ್ರಸ್ರಿ. ಆತ ಏನೂ ಸಿಟ್ಟಾಗೂದಿಲ್ಲ."

ಅವನು ತಲೆಯಾಡಿಸಿದ್ದ.

ತನ್ನೂರು ಮೋರಟಗಿಗೆ ಬಂದು ಎಂಟು ದಿನ ಹಾಗೆಯೇ ಮಾಡಿದ. ಒಂಬತ್ತನೆಯ ದಿನ, ಸಾಬೂನು ಹಚ್ಚಿ ತೊಳೆದ ಕೈಯಲ್ಲಿ ಏನೂ ಇಲ್ಲ ಅನಿಸಿತು. ಅಷ್ಟು ಖಾಲಿ ಕೈಯಿಂದ ಮಗಳ ಜೀವ ಹೇಗೆ ಮುಟ್ಟುವುದು? ಚಿಟಿಕೆ ಭಂಡಾರ ತೆಗೆದು ನಳಿಕೆಯ ಬುಡಕ್ಕೆ ಹಚ್ಚಿ, ಆಮೇಲೆ ಚೀಲ ಜೋಡಿಸಿದ.

"ಅಪ್ಪಾ, ಸಿಸ್ಟರ ಬ್ಯಾಡಂದಾರಲ್ಲ?"

"ಅವರಿಗಿ ಹೇಳಬ್ಯಾಡವಾ. ಇದು ನಂದು, ನಿಂದು, ನಮ್ಮ ದೇವರ ಮಾಳಪ್ಪಂದು."

ಹುಡುಗಿ ಹೇಳಲಿಲ್ಲ.

ಏಳು ತಿಂಗಳಿಗೆ ಹೊರಬಂದ ನೀರು ಮಜ್ಜಿಗೆಯಂತೆ ಕದಡಿತ್ತು. ಹೊಟ್ಟೆಯೊಳಗೆ ಬೂಷ್ಟು ಹಿಡಿದಿದೆ ಎಂದು ಡಾಕ್ಟರು ನಳಿಕೆ ಕಿತ್ತರು. ಅಂದಿನಿಂದ ಕಾವೇರಿ ವಾರಕ್ಕೆ ಮೂರು ಸಲ ವಿಜಯಪುರಕ್ಕೆ ಹೋಗಿ ರಕ್ತ ತೊಳೆಯುವ ಮಷೀನಿನ ಪಕ್ಕ ಮಲಗುತ್ತಾಳೆ. ಇವತ್ತೂ ಅವನ ಹೆಂಡತಿ ರಾಮವ್ವ ಕರೆದುಕೊಂಡು ಹೋಗಿದ್ದಾಳೆ.

ದಿನಕ್ಕೆ ನಾಲ್ಕು ಸಲ ಕೈಮುಗಿದು ಹಚ್ಚಿದ್ದ. ಆ ಭಂಡಾರವೇ ಮೋಸ ಮಾಡಿತಲ್ಲ ಎಂದು ಮಾಳಿಂಗಪ್ಪ ಆ ವಾರವಿಡೀ ದೇವರ ಜಗಲಿಯ ಕಡೆ ತಿರುಗಿ ನೋಡಲಿಲ್ಲ. ತನಗೆ ಮೋಸವಾಯಿತು ಎಂಬ ಉರಿ ದೊಡ್ಡದಾಗಿದ್ದಾಗಲೇ ಆಸ್ಪತ್ರೆಯ ವಿಚಾರಣೆಯ ಸಾಹೇಬರು ಬಂದು, ಹೇಗೆ ಮಾಡುತ್ತಿದ್ದೆ ಎಂದು ಕೇಳಿದರು.

"ಸಿಸ್ಟರ ಕಲಿಸಿದಂಗರಿ."

ಅಷ್ಟು ಸಾಕಾಯಿತು. ಕಲಿಸಿದ್ದೇ ಸರಿಯಿಲ್ಲ ಎಂದು ಬರೆದರು. ಸಿಸ್ಟರನ್ನು ಔಷಧದ ಉಗ್ರಾಣಕ್ಕೆ ಹಾಕಿದರು. ಹೊಸ ಮನೆಗಳಿಗೆ ಕಲಿಸುವುದು ಅಲ್ಲಿಗೆ ನಿಂತಿತು.

ಮರುವಾರ ಅವರು ಬಸ್ಸು ಹಿಡಿದು ಮೋರಟಗಿಗೆ ಬಂದರು. ಬೈಯಲಿಲ್ಲ. ಖೋಲಿಯ ನೆಲ, ಕಿಟಕಿ, ಸಾಬೂನಿನ ಬಟ್ಟಲು, ಒಂದೊಂದನ್ನೇ ನೋಡಿದರು. ಕೊನೆಗೆ ಬಾಗಿಲಲ್ಲಿ ನಿಂತು ಕೇಳಿದರು:

"ನಾ ಯಾವದರೆ ಹೇಳೂದು ಬಿಟ್ಟಿದ್ದೆನೇನ್ರಿ ಮಾಳಿಂಗಪ್ಪ? ಇದ್ದದ್ದ ಹೇಳ್ರಿ."

ಅವನು ನೆಲ ನೋಡಿದ. ಸಿಸ್ಟರು ಆ ಮೌನವನ್ನು ಹೌದೆಂದೇ ತಿಳಿದು ಹೋದರು.

*

ಊರ ಹೊರಗಿನ ಹೊಲದಲ್ಲಿ ಮಣ್ಣು ಮುಗಿಯಿತು. ಉಪ್ಪಿನ ಮೇಲೆ ವಿಭೂತಿ, ವಿಭೂತಿಯ ಮೇಲೆ ಪತ್ರಿ. ಜನ ಚದುರುವಾಗ ಸಿಸ್ಟರ ಮಗಳು ರಾಜೇಶ್ವರಿ ಅವನ ಹತ್ತಿರ ಬಂದಳು. ಅವಳೂ ಇಂಡಿ ಊರಿನ ಆಸ್ಪತ್ರೆಯಲ್ಲಿ ಸಿಸ್ಟರು.

"ಕಾಕಾ, ಒಂದ ಮಾತ ಕೇಳೂದೈತಿ. ಮನ್ಯಾಗ ನೀರ ಹಾಕೂದನ್ನ ಮುಂದಿನ ತಿಂಗಳಿಂದ ಮತ್ತ ಕಲಿಸ್ತಾರಂತ. ನನಗ ಬಾ ಅಂದಾರ. ಎಂಟ ಮಕ್ಕಳು ಕಾಯಾಕತ್ತಾವ. ಅವ್ವ ಸಾಯೂತನಾ, ನಾ ಯಾವದ ಬಿಟ್ಟೆ, ಯಾವದ ಬಿಟ್ಟೆ ಅಂತಿದ್ಲು. ಅದ ತಿಳೀದ ನಾ ಹೆಂಗ ಕಲಿಸಲಿ? ನಿಮಗ ಏನರೆ ನೆಪ್ಪೈತಿ?"

ಮಾಳಿಂಗಪ್ಪ ಮನಸ್ಸಿನಲ್ಲೇ ಎಣಿಸಿದ. ಎಂಟು ಮಕ್ಕಳು. ಎಂಟು ಮನೆ. ಒಂದೊಂದು ಮನೆಯಲ್ಲೂ ಒಂದೊಂದು ದೇವರು.

"ಏನೂ ಬಿಟ್ಟಿದ್ದಿಲ್ಲವಾ," ಎಂದ. "ಎಲ್ಲಾ ಕಲಿಸಿದ್ರು."

ಅದರ ಮುಂದಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ರಾಜೇಶ್ವರಿಯ ಕಣ್ಣುಗಳು ತುಂಬಿದವು.

"ನಿಮ್ಮಂಥವರು ಸಿಗಂಗಿಲ್ಲ ಕಾಕಾ. ನಿಮ್ಮ ಮಗಳಿಗಿ ಹಿಂಗಾದ್ರೂ ಸತ್ತಾಕಿ ಮ್ಯಾಲ ತಪ್ಪ ಹೊರಸವಲ್ರಿ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆತು ಬಿಡ್ರಿ. ಅವ್ವಂದ ತಪ್ಪು ಏನಿತ್ತೋ, ನಾನ ಹುಡಕತೇನಿ."

ಮನೆಯ ಅಂಗಳದಲ್ಲಿ ಪ್ರಸಾದಕ್ಕೆ ಸಾಲು ಹಾಕಿದ್ದರು. ಎಲ್ಲರಿಗಿಂತ ಹಿಂದೆ ನಿಂತಿದ್ದ ಅವನನ್ನು ಶ್ರೀಶೈಲ ಮಾಸ್ತರರು ಕಂಡು, ತಾವು ಕುಳಿತ ಜಮಖಾನೆಯ ಮೇಲೆ ಸರಿದು ಜಾಗ ಮಾಡಿದರು.

"ಇಲ್ಲಿ ಬರ್ರಿ. ನೀವು ನಮ್ಮ ಮನಿಯವರು."

ಮಾಳಿಂಗಪ್ಪ ಹೋಗಿ ಅವರ ಮಗ್ಗುಲಲ್ಲಿ ಕುಳಿತ. ಯಾರೋ ಬಡಿಸಿದರು. ಮಾಸ್ತರರು ತಮ್ಮ ತಾಟಿನ ರೊಟ್ಟಿಯನ್ನು ಮುರಿದು ಅರ್ಧ ಅವನ ತಾಟಿಗೆ ಹಾಕಿದರು. ಅವನು ಉಂಡ. ಸಿಸ್ಟರು ಬೇಡವೆಂದೇ ಹೇಳಿದ್ದರು, ಆದರೂ ಭಂಡಾರ ಹಚ್ಚಿದವನು ತಾನು ಎಂದು ಅವನು ಯಾರಿಗೂ ಹೇಳಲಿಲ್ಲ.