ಶಿಜಿ ನೋಡುತ್ತಿದ್ದಾಳೆ

ಓಣಂಗೆಂದು ಉಟ್ಟ ಚಿನ್ನದಂಚಿನ ಕಸವು ಸೀರೆಯ ನೆರಿಗೆಯನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಶಿಜಿ ನಿಂತೇ ಟೈಪ್ ಮಾಡುತ್ತಿದ್ದಳು. ಕಪ್ಪು ಪರದೆಯ ಮೇಲೆ ಒಂದು ಸಾಲು, ಅದರ ಕೆಳಗೆ ಇನ್ನೊಂದು, ಕೊನೆಗೆ ಎಂಟರ್. ಹೊರಗೆ ಅಂಗಳದಲ್ಲಿ ಆಗಲೇ ಹಗ್ಗಜಗ್ಗಾಟಕ್ಕೆ ಸೀಟಿ ಊದಿದ್ದರು.

"ಮೋಳೇ, ಮದುಮಗಳ ಹಾಗೆ ಒಳಗೇ ಕೂತ್ರೆ ಹಗ್ಗ ಬಂದು ಕರ್ಕೊಂಡು ಹೋಗತ್ತಾ? ಬಾ ಬೇಗ!" ಬಾಗಿಲಲ್ಲಿ ನಿಂತು ಕೂಗಿದವರು ವಿಭಾಗದ ಮುಖ್ಯಸ್ಥ ಕುರಿಯನ್ ಸಾರ್. ಅವರಿಗೆ ಹುಡುಗಿಯರೆಲ್ಲ ಮೋಳೇ, ಅಂದರೆ ಮಗಳೇ.

"ಬಂದೆ ಸಾರೇ. ಒಂದು ವ್ಯವಸ್ಥೆ ಮಾಡಿ ಬಂದೆ."

ಏನು ವ್ಯವಸ್ಥೆ ಎಂದು ಕೇಳುವ ಪುರುಸೊತ್ತು ಸಾರ್‌ಗೆ ಇರಲಿಲ್ಲ.

ಕೊಚ್ಚಿಯ ಆ ಕಂಪನಿ ಹಿನ್ನೀರಿನ ದೋಣಿಗಳ ಟಿಕೆಟ್ ನೋಡಿಕೊಳ್ಳುತ್ತಿತ್ತು. ಯಾವ ಜೆಟ್ಟಿಯ, ಅಂದರೆ ದೋಣಿಕಟ್ಟೆಯ, ಸರ್ವರ್ ಮಂಕಾದರೂ ಶಿಜಿಯ ವಿಭಾಗದ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಕೆಂಪು ಸಾಲೊಂದು ಮೂಡಿ ಸೈರನ್ ಕೂಗುತ್ತದೆ. ಕಾವಲಿನಲ್ಲಿರುವವರು 'ಕಂಡೆ' ಎಂದು ಕಮಾಂಡ್ ಕೊಟ್ಟು, ತಮ್ಮ ಹೆಸರಿನ ಜೊತೆ ಒಂದು ಮಾತು ಬರೆದರೆ ಸೈರನ್ ಬಾಯಿ ಮುಚ್ಚುತ್ತದೆ, ಸಾಲು ಹಳದಿಯಾಗುತ್ತದೆ. ಆಮೇಲೆ ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಬಸ್ಸಿನ ಸೀಟಿನ ಮೇಲೆ ಹಾಕಿದ ಟವೆಲಿಗಿರುವ ಮರ್ಯಾದೆ ಅದಕ್ಕೂ ಇತ್ತು. ಕಂಡೆ ಎನ್ನುವವರೇ ಇಲ್ಲದಿದ್ದರೆ ಮಾತ್ರ ಕುರಿಯನ್ ಸಾರ್ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತದೆ.

ಈ ವಾರದ ಕಾವಲು ಶಿಜಿಯದು. ಆದರೆ ಹಗ್ಗಕ್ಕೆ ಏಳು ಜನ ಬೇಕು. ಸೊಂಟನೋವಿಗೆ ಬೆಲ್ಟ್ ಕಟ್ಟಿಕೊಂಡ ಸಾರ್ ಅವರನ್ನು ಬಿಟ್ಟರೆ ವಿಭಾಗದಲ್ಲಿ ಇರುವುದೇ ಏಳು ಜನ. ಹಗ್ಗದ ತುದಿಯನ್ನು ಮೈಗೆ ಸುತ್ತಿಕೊಂಡು ನೆಲಕ್ಕೆ ಬೇರುಬಿಡುವ ಜಾಗ ಶಿಜಿಯದು. ಓಣಂ ಬಂದಾಗಲೆಲ್ಲ ಗೆದ್ದು, ಬಹುಮಾನದ ನೇಂದ್ರಬಾಳೆ ಗೊನೆಯನ್ನು ತಮ್ಮ ಬಾಗಿಲಿಗೆ ನೇತುಹಾಕಿ, ಅದು ಕಪ್ಪಾಗುವವರೆಗೂ ಹಂಗಿಸುತ್ತಿದ್ದ ಲೆಕ್ಕಪತ್ರ ವಿಭಾಗದವರನ್ನು ಈ ಸಲವಾದರೂ ಕೆಡವಬೇಕೆಂದು ಅವಳು ತಿಂಗಳಿಂದ ತನ್ನ ಫ್ಲ್ಯಾಟಿನ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿಯೇ ಕಾಲು ಗಟ್ಟಿ ಮಾಡಿಕೊಂಡಿದ್ದಳು.

ಅದಕ್ಕೇ ಈ ವ್ಯವಸ್ಥೆ. ಯಾವ ಕೆಂಪು ಸಾಲು ಬಂದರೂ ಕಂಪ್ಯೂಟರೇ ತಾನಾಗಿ 'ಕಂಡೆ' ಎನ್ನಬೇಕು, ಪಕ್ಕದಲ್ಲಿ 'ಶಿಜಿ: ನೋಡ್ತಿದ್ದೇನೆ' ಎಂದು ಬರೆಯಬೇಕು. ಅರ್ಧ ಗಂಟೆಯ ಮಾತು. ಅಷ್ಟರೊಳಗೆ ಯಾವ ಸರ್ವರ್ ತಾನೇ ಕಾಯಿಲೆ ಬೀಳುತ್ತದೆ?

ಎದುರು ಪಕ್ಷದ ತುದಿಯಲ್ಲಿ ಲೆಕ್ಕಪತ್ರದವರ ಹಿರಿಯಕ್ಕ ಲಿಸ್ಸಮ್ಮ ಚೇಚಿ ಮಣ್ಣು ಮುಟ್ಟಿ ಕೈ ಉಜ್ಜಿಕೊಂಡರು. "ನಿಮ್ಮದೆಲ್ಲ ಕೀಬೋರ್ಡ್ ಒತ್ತೋ ಬೆರಳು ಮೋಳೇ. ಇದಕ್ಕೆ ಕೈ ಬೇಕು, ಕೈ!"

"ನಿಮ್ದು ನೋಟು ಎಣಿಸೋ ಕೈ ಅಲ್ವಾ ಚೇಚಿ, ಜೋಪಾನ. ಚರ್ಮ ಸುಲಿದೀತು," ಎಂದಳು ಶಿಜಿ.

ಮೊದಲ ಎಳೆತ ಚೇಚಿಯ ಕಡೆಗೆ ಹೋಯಿತು. ಎರಡನೆಯದು ಶಿಜಿಯ ಹಿಮ್ಮಡಿಯ ಬಲದಿಂದ ಇವರ ಕಡೆಗೆ ಬಂತು. ಸೀಟಿ, ಕೇಕೆ, ಧೂಳು. ತೀರ್ಮಾನದ ಮೂರನೆಯದಕ್ಕೆ ಮೊದಲು ಎಲ್ಲರೂ ನೀರು ಕುಡಿಯುತ್ತಿದ್ದಾಗ ಕುರಿಯನ್ ಸಾರ್ ಫೋನ್ ಹೊಡೆದುಕೊಂಡಿತು. ಓಣಂ ಊಟ ತರಬೇಕಿದ್ದ ಅಡುಗೆಯ ಪ್ರಭಾಕರನ್ ಚೇಟ್ಟ, ಎಲ್ಲರ ಅಣ್ಣ. ಅವರ ಗಂಟಲಿಗೆ ಸ್ಪೀಕರ್ ಬೇಕಿರಲಿಲ್ಲ.

"ಸಾರೇ, ಇನ್ನೂ ಆಚೆ ದಡದ ಜೆಟ್ಟಿಲೇ ಇದ್ದೀನಿ! ಟಿಕೆಟ್ ಯಂತ್ರ ಉಸಿರೇ ಎತ್ತುತ್ತಿಲ್ಲ. ಟಿಕೆಟ್ ಇಲ್ದೆ ದೋಣಿ ಹತ್ತಿಸೋಲ್ವಂತೆ. ಅವಿಯಲ್ ಆರ್ತಾ ಇದೆ, ಪಾಯಸ ಕೆನೆಗಟ್ತಾ ಇದೆ. ಇಲ್ಲಿ ಕ್ಯೂ ನಿಂತವರೆಲ್ಲ ಪಾತ್ರೆ ಮುಚ್ಚಳ ಎತ್ತಿ ಎತ್ತಿ ನೋಡ್ತಿದ್ದಾರೆ!"

"ಸಾಧ್ಯವೇ ಇಲ್ಲ. ಕೆಟ್ಟಿದ್ರೆ ನನ್ನ ಫೋನ್ ಸುಮ್ನೆ ಇರ್ತಿತ್ತಾ?" ಎನ್ನುತ್ತಾ ಸಾರ್ ಕಿಟಕಿಯಿಂದ ಒಳಗೆ ಇಣುಕಿದರು. ಉಳಿದವರೂ ಇಣುಕಿದರು.

ಗೋಡೆಯ ಪರದೆ ಮೇಲಿಂದ ಕೆಳಗಿನವರೆಗೆ ಸೇವಂತಿಗೆ ತೋಟದಂತೆ ಹಳದಿ. ಪ್ರತಿ ಸಾಲಿನ ಕೊನೆಗೂ ಒಂದೇ ಮಾತು. ಶಿಜಿ: ನೋಡ್ತಿದ್ದೇನೆ. ಶಿಜಿ: ನೋಡ್ತಿದ್ದೇನೆ. ಶಿಜಿ: ನೋಡ್ತಿದ್ದೇನೆ.

ಎಲ್ಲರ ತಲೆಗಳೂ ಮೆಲ್ಲಗೆ ಅಂಗಳದ ಕಡೆ ತಿರುಗಿದವು. ಶಿಜಿ ಸೊಂಟಕ್ಕೆ ಹಗ್ಗ ಸುತ್ತಿಕೊಂಡೇ ನಿಂತಿದ್ದಳು.

"ಭಾರೀ ಕಣ್ಣು ಮೋಳೇ ನಿಂದು," ಅಂದರು ಲಿಸ್ಸಮ್ಮ ಚೇಚಿ. "ಇಲ್ಲಿ ನಿಂತೇ ಆಚೆ ದಡ ಕಾಣತ್ತಲ್ಲ! ಪಾಯಸಕ್ಕೆ ದ್ರಾಕ್ಷಿ ಹಾಕಿದ್ದಾರಾ ನೋಡಿ ಹೇಳು."

ನಗು ಅಂಗಳವನ್ನೆಲ್ಲ ಸುತ್ತಿ ಬಂತು. ಶಿಜಿಗೂ ನಗು ಬರುತ್ತಿತ್ತೇನೋ, ಪಕ್ಕದಲ್ಲಿದ್ದ ಅವಳದೇ ವಿಭಾಗದ ಡೈಸನ್ ಬಾಯಿ ಬಿಡದಿದ್ದರೆ. ಅವನು ತಮಾಷೆ ಮಾಡಲಿಲ್ಲ. "ನೀರು ಕುಡಿಯೋಕೆ ಹೋದಾಗ ನಾನೂ ನೋಡಿದೆ ಶಿಜಿ. ಹಳದಿ ಇತ್ತು, ನಿನ್ನ ಹೆಸರಿತ್ತು. ನೀನೇ ಯಾವುದೋ ಮೂಲೆಯಿಂದ ಫೋನಲ್ಲಿ ನೋಡ್ತಿದ್ದೀಯ ಅಂದ್ಕೊಂಡು ಬಿಟ್ಟೆ."

ಚೇಚಿಯ ಮಾತು ಚರ್ಮಕ್ಕೆ ತಾಗಿತ್ತು. ಇದು ಒಳಗೆ ಹೋಯಿತು.

ಹಗ್ಗ ಕಳಚಿ ಓಡಿದಳು. ಮೊದಲು ತನ್ನ ವ್ಯವಸ್ಥೆಯ ಕತ್ತು ಹಿಸುಕಿದಳು, ಆಮೇಲೆ ಜೆಟ್ಟಿಯ ಸರ್ವರಿಗೆ ಕಮಾಂಡ್ ಕೊಟ್ಟಳು. ತಟ್ಟಿದ ಕೂಡಲೇ ಎದ್ದು ಕೂತಿತು ಪ್ರಾಣಿ. ಎಬ್ಬಿಸಿದರೆ ಏಳುವಂಥದ್ದೇ, ಎಬ್ಬಿಸುವವರು ಹಗ್ಗ ಹಿಡಿದಿದ್ದರು. ಪ್ರಭಾಕರನ್ ಚೇಟ್ಟ ಫೋನಿನಲ್ಲೇ "ಬಂತು, ಬಂತು!" ಎಂದು ಕೂಗಿ ಪಾತ್ರೆ ಎತ್ತಿಸಿದರು. ಆದರೆ ಕಾದಿದ್ದ ಜನವೆಲ್ಲ ಒಮ್ಮೆಲೇ ಮುಗಿಬಿದ್ದಿತ್ತು. ಸರ್ವರ್ ತೂಕಡಿಸುವುದು, ಏಳುವುದು, ಮತ್ತೆ ತೂಕಡಿಸುವುದು. ಶಿಜಿ ಕುರ್ಚಿ ಎಳೆದು ಕೂತಳು.

ಹೊರಗೆ ಮೂರನೆಯ ಎಳೆತಕ್ಕೆ ಸೀಟಿ. "ಗೊನೆಗೆ ಮೊಳೆ ಹೊಡೆಸ್ಲಾ ಕುರಿಯನ್ ಸಾರೇ?" ಎಂದು ಚೇಚಿಯ ದನಿ.

ಕುರಿಯನ್ ಸಾರ್ ಒಳಗೆ ಬಂದರು. ಬಾಗಿಲು ಮುಂದೆ ಮಾಡಿದರು. ಕೈಯಲ್ಲಿ ಹಗ್ಗದ ತುದಿಯಿತ್ತು. ಎಳೆದು ತಂದು ಅವಳ ಮೇಜಿನ ಮೇಲೆ, ಕೀಬೋರ್ಡ್ ಪಕ್ಕಕ್ಕೆ, ಪ್ರಸಾದದ ಹಾಗೆ ಇಟ್ಟರು.

"ಮೋಳೇ," ಎಂದರು ಪಿಸುದನಿಯಲ್ಲಿ, "ಒಂದೇ ಒಂದು ಎಳೆತ. ಆ ನಿನ್ನ ವ್ಯವಸ್ಥೆ ಇನ್ನೊಂದು ಸಲ ಹಾಕ್ಬಿಡು. ನಾನೇನೂ ಕಂಡಿಲ್ಲ. ನಿನ್ನ ಹೆಸರಿಗೆ ಸಂಕೋಚ ಆದ್ರೆ ನನ್ನ ಹೆಸರೇ ಹಾಕು. 'ಕುರಿಯನ್: ನೋಡ್ತಿದ್ದೇನೆ.' ಯಾರು ಕೇಳ್ತಾರೆ?"

ಪರದೆಯಲ್ಲಿ ಕೆಂಪು ಸಾಲೊಂದು ಮೂಡಿತು. ಸೈರನ್ ಕೂಗಿತು. ಶಿಜಿ ಒಂದೊಂದೇ ಅಕ್ಷರ ಒತ್ತಿ 'ಕಂಡೆ' ಎಂದಳು, ಹೆಸರು ಬರೆದಳು. ಹಗ್ಗದ ತುದಿಯನ್ನು ಮೊಣಕೈಯಿಂದ ಮೇಜಿನ ಆಚೆಗೆ ತಳ್ಳಿದಳು.

"ಇಲ್ಲ ಸಾರೇ. ಹಾಕಲ್ಲ."