ಗುರುಗಳ ಗುರುಗಳು

"ನನಗೆ ಡಾಕ್ಟರೇಟು ಮಾಡಿಸಿದವರ ಗುರುಗಳು ಇಂಗ್ಲೆಂಡಿನವರು. ಅವರ ಗುರುಗಳು ಜರ್ಮನಿಯವರು. ಆ ಗುರುಗಳ ಗುರುಗಳು ಬಂದರೆ ಅಲ್ಲಿನ ದೊರೆಯೇ ಎದ್ದು ನಿಲ್ಲುತ್ತಿದ್ದನಂತೆ," ಎಂದು ಡಾಕ್ಟರ್ ಚಲುವರಾಜು ಇನ್ನೊಂದು ಕಜ್ಜಾಯಕ್ಕೆ ಕೈಹಾಕಿದ.

ಹೊಳಲಿನ ನಿಂಗಯ್ಯನವರು ತಮ್ಮ ಪಡಸಾಲೆಯಲ್ಲಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಮದ್ದೂರಿನ ಹುಡುಗ, ಕಲ್ಕತ್ತೆಯಲ್ಲಿ ಗಣಿತ ಓದಿ ಡಾಕ್ಟರಾಗಿ ಬಂದವನು, ಯುದ್ಧದ ಕಾಲದಲ್ಲೂ ಕೋಟು ಹೊಲಿಸಿಕೊಂಡವನು, ತಮ್ಮ ಮಗಳನ್ನು ನೋಡಲು ತಾನಾಗಿ ಬಂದಿದ್ದ.

ಕಂಬದ ಪಕ್ಕ ಕುಳಿತ ಜಯಲಕ್ಷ್ಮಿಗೆ ನಾಚಿಕೆಯಾದದ್ದು ಅವನ ಬಗ್ಗೆ ಅಲ್ಲ, ತನ್ನ ಬಗ್ಗೆಯೇ. ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿ ಊರಿಗೆ ಬಂದಮೇಲೆ ಅವಳ ಜತೆ ಗಣಿತದ ಒಂದು ಮಾತಾಡಿದವರಿರಲಿಲ್ಲ. ಈ ಗಂಡಿನ ಸುದ್ದಿ ಬಂದಾಗಿನಿಂದ ಅವಳು ನಿದ್ದೆಗೆಟ್ಟು ಕಾದಿದ್ದಳು. ಇವನಿಗಾಗಿಯೇ?

"ಏನಾದರೂ ಕೇಳೋದಿದ್ದರೆ ಕೇಳಿ," ಎಂದ ಅವನು, ಮಗುವಿಗೆ ಹೇಳುವಂತೆ.

"ಗುರುಗಳದೆಲ್ಲ ಆಯ್ತು. ನೀವೇನು ಸಾಧಿಸಿದಿರಿ?"

"ನಮ್ಮ ಗುರುಗಳ ಒಂದು ಪ್ರಮೇಯವನ್ನು ವಿಸ್ತರಿಸಿದೆ. ಅದು ಹೆಂಗಸರಿಗೆ ತಿಳಿಯೋದಿಲ್ಲ."

"ಅವರು ಎಲ್ಲಿಗೆ ನಿಲ್ಲಿಸಿದ್ರು, ನೀವು ಅಲ್ಲಿಂದ ಎಷ್ಟು ಮುಂದೆ ಹೋದ್ರಿ? ಅಷ್ಟು ಹೇಳಿ ಸಾಕು."

ಚಲುವರಾಜು ಮೀಸೆಗಂಟಿದ ಎಳ್ಳು ಒರೆಸಿಕೊಂಡು ನಿಂಗಯ್ಯನವರ ಕಡೆ ತಿರುಗಿದ. "ನಮ್ಮ ಗುರುಗಳ ಗುರುಗಳು ಒಂದು ಮಾತು ಹೇಳೋರಂತೆ..."

ಬಾಗಿಲ ಮರೆಯಿಂದ ಅಜ್ಜಿ ಬೆಟ್ಟಮ್ಮನ ದನಿ ಕೇಳಿತು. "ಓರಿ ಮಾರಕ್ ಬಂದೋನು ಅದರ ತಾತನ್ ಪೊಗರನ್ನೇ ಏಳ್ತಾವ್ನೆ. ಇದು ನೇಗ್ಲು ಎಳೀತದಾ ಕೇಳಮ್ಮಿ."

ನಿಂಗಯ್ಯನವರು ಕೆಮ್ಮಿ, ಮಗಳನ್ನು ನಡುಮನೆಗೆ ಕರೆದರು. "ಏನವ್ವಾ, ಒಪ್ಪಿಗೆನಾ?"

"ಇವರ ಗುರುಗಳ ಗುರುಗಳಿಗಾದ್ರೆ ಕೊಟ್ಬುಡಪ್ಪ. ಇವರು ಬ್ಯಾಡ."

"ಒಟ್ಟೆ ತುಂಬ ಓದಿರೋ ಗಂಡು ಕಣವ್ವ. ಬುಟ್ರೆ ಇಂಥೋನು ಇನ್ನೊಬ್ಬ ಸಿಕ್ಕಕಿಲ್ಲ."

"ಸಿಕ್ಕದಿದ್ರೆ ಓಗ್ಲಿ. ಮಂಡ್ಯದ ಇಸ್ಕೂಲಲ್ಲಿ ಲೆಕ್ಕ ಏಳ್ಕೊಡಕ್ಕೆ ಕಳ್ಸು. ಅಷ್ಟಾದ್ರೂ ಗಣಿತ ಆಯ್ತದೆ."

ಬೈಯಲು ಬಾಯಿ ತೆರೆದ ನಿಂಗಯ್ಯನವರು ಮನಸ್ಸು ಬದಲಿಸಿ, ಹೆಗಲ ಮೇಲಿನ ವಲ್ಲಿ ಸರಿಪಡಿಸಿಕೊಂಡು ಪಡಸಾಲೆಗೆ ಹೋದರು. ಅಲ್ಲಿ ಜರ್ಮನಿಯ ಮಾತು ಇನ್ನೂ ನಡೆದೇ ಇತ್ತು. ಅದು ನಿಂತಮೇಲೆ ಅಪ್ಪನ ದನಿ ಜಯಲಕ್ಷ್ಮಿಗೆ ಕೇಳಿಸಿತು.

"ಮಳೆ ಬರಂಗದೆ ಸ್ವಾಮಿ. ಗಾಡಿ ಕಟ್ಟುಸ್ಲಾ?"

ಅಂಗಳದಲ್ಲಿ ಹರವಿದ್ದ ರಾಗಿಯ ಮೇಲೆ ಬಿಸಿಲು ಚುರುಗುಡುತ್ತಿತ್ತು.